ಯಾರ ಊರಿನ ಹುಡುಗರು?

2025ರ ಮೇ ತಿಂಗಳ ಕೊನೆಯಲ್ಲಿ ಕೆನಡಾದ ಮ್ಯಾನಿಟೋಬಾ ಪ್ರಾಂತದ ಒಂದು ಸಣ್ಣ ಊರನ್ನು ಕಾಡ್ಗಿಚ್ಚಿನ ಭಯದಿಂದ ಸಂಪೂರ್ಣವಾಗಿ ತೆರವು ಮಾಡಿಸಿದ ಸುದ್ದಿ ನಮ್ಮ ಪತ್ರಿಕೆಗಳ ಒಳಪುಟಗಳಲ್ಲಿ ನಾಲ್ಕು ಸಾಲಾಗಿ ಬಂದು ಹೋಯಿತು. ಸುಮಾರು 5000 ಜನ ತಮ್ಮ ಮನೆಗಳಿಗೆ ಬೀಗ ಹಾಕಿ, ದಕ್ಷಿಣದ ಹೆದ್ದಾರಿ ಹಿಡಿದು ಹೊರಟರು. ಪಕ್ಕದ ಡೆನೇರ್ ಬೀಚ್ ಎಂಬ ಹಳ್ಳಿಯಲ್ಲಿ ಅನೇಕ ಮನೆಗಳು ಸುಟ್ಟು ಹೋದುವು. ಊರು ಮಾತ್ರ ಬಹುಮಟ್ಟಿಗೆ ಉಳಿಯಿತು. ಜೂನ್ ಕೊನೆಯ ಹೊತ್ತಿಗೆ ಜನ ಮರಳಿದರು. ಆ ಊರಿನ ಹೆಸರು ಫ್ಲಿನ್ ಫ್ಲಾನ್. ಐಸ್ ಹಾಕಿಯ ಚರಿತ್ರೆಯನ್ನು ಬಲ್ಲವರಿಗೆ ಈ ಹೆಸರು, ಕುಸ್ತಿ ಬಲ್ಲವರಿಗೆ ಕೊಲ್ಹಾಪುರವಿದ್ದ ಹಾಗೆ. ಉಳಿದವರಿಗೆ ಅದೊಂದು ತಮಾಷೆಯ ಶಬ್ದ.

ಹಿಮದ ಮೇಲೆ ಆಡುವ ಹಾಕಿಗೂ ಹೊರನಾಡ ಕನ್ನಡಿಗರ ಈ ತ್ರೈಮಾಸಿಕಕ್ಕೂ ಏನು ಸಂಬಂಧವೆಂದು ಓದುಗರು ಕೇಳುವುದು ಸಹಜವೇ. ನನಗೂ ಆ ಆಟ ಆಡಿ ಗೊತ್ತಿಲ್ಲ. ದೆಹಲಿಯ ಚಳಿಗೇ ಸೋಲುವ ಮೈ ನನ್ನದು. ಆದರೆ ಮೂರು ನಾಲ್ಕು ವರ್ಷಗಳಿಗೊಮ್ಮೆ ವರ್ಗಾವಣೆಯ ಆದೇಶ ಹಿಡಿದು ಊರಿಂದೂರಿಗೆ ಹೋಗುತ್ತಾ ಬಂದ ಕೇಂದ್ರ ಸರ್ಕಾರಿ ನೌಕರನಾದ ನನ್ನನ್ನು ಒಂದು ಪ್ರಶ್ನೆ ಬಹಳ ಕಾಲದಿಂದ ಕಾಡಿದೆ. ಒಂದು ಊರು ಯಾರನ್ನು ‘ನಮ್ಮವನು’ ಎನ್ನುತ್ತದೆ? ಯಾವ ಆಧಾರದ ಮೇಲೆ ಎನ್ನುತ್ತದೆ? ಎಂದು ಆ ಮಾತನ್ನು ಹಿಂತೆಗೆದುಕೊಳ್ಳುತ್ತದೆ? ಈ ಪ್ರಶ್ನೆಗೆ ನಮ್ಮ ಸಂಘಗಳ ರಾಜ್ಯೋತ್ಸವದ ಭಾಷಣಗಳಲ್ಲಿ ನನಗೆ ಸಿಗದ ಉತ್ತರದ ಒಂದಿಷ್ಟು ತುಣುಕುಗಳು, ವಿಚಿತ್ರವೆಂದರೆ, ಆ ಗಣಿ ಊರಿನ ಹುಡುಗರ ತಂಡದ ಕಥೆಯಲ್ಲಿ ಸಿಕ್ಕಿವೆ.

ಮೊದಲು ಊರಿನ ಹೆಸರಿನ ಪುರಾಣ. ಜೆ.ಇ. ಪ್ರೆಸ್ಟನ್ ಮಡ್ಡಾಕ್ ಎಂಬಾತ 1905ರಲ್ಲಿ ಬರೆದ ‘ದಿ ಸನ್‌ಲೆಸ್ ಸಿಟಿ’ ಎಂಬ ಅಗ್ಗದ ಕಾದಂಬರಿಯಲ್ಲಿ ಜೋಸಾಯ ಫ್ಲಿಂಟಾಬ್ಯಾಟಿ ಫ್ಲೊನಾಟಿನ್ ಎಂಬ ಕಿರಾಣಿ ವ್ಯಾಪಾರಿ ಜಲಾಂತರ್ಗಾಮಿಯಲ್ಲಿ ಕುಳಿತು, ತಳವಿಲ್ಲದ ಸರೋವರವೊಂದರ ಮೂಲಕ ಚಿನ್ನ ತುಂಬಿದ ಪಾತಾಳಲೋಕಕ್ಕೆ ಇಳಿಯುತ್ತಾನೆ. ಆ ಪುಸ್ತಕದ ಹರಿದ ಪ್ರತಿಯೊಂದು ಕಾಡಿನಲ್ಲಿ ಅದಿರು ಹುಡುಕುತ್ತಿದ್ದ ಟಾಮ್ ಕ್ರೈಟನ್ ಮತ್ತು ಸಂಗಡಿಗರ ಕೈಗೆ ಸಿಕ್ಕಿತ್ತಂತೆ. 1915ರಲ್ಲಿ ಸರೋವರದ ದಡದಲ್ಲಿ ಅವರಿಗೆ ಅದಿರು ಕಂಡಾಗ ಆ ಕಿರಾಣಿಯವನ ಹೆಸರನ್ನೇ ಮೊಟಕುಗೊಳಿಸಿ ಇಟ್ಟರು. ಆ ಅದಿರನ್ನು ಅವರಿಗೆ ಮೊದಲು ತೋರಿಸಿದವನು ಡೇವಿಡ್ ಕಾಲಿನ್ಸ್ ಎಂಬ ಸ್ಥಳೀಯ ಬೇಟೆಗಾರ. ಊರಿಗೆ ಅವನ ಹೆಸರು ಬರಲಿಲ್ಲ, ಕಾದಂಬರಿಯ ಕಿರಾಣಿಯವನ ಹೆಸರು ಬಂತು. ಊರ ಬಾಗಿಲಲ್ಲಿ ಇಂದಿಗೂ ನಿಂತಿರುವುದು ವ್ಯಂಗ್ಯಚಿತ್ರಕಾರ ಆಲ್ ಕ್ಯಾಪ್ ರೂಪಿಸಿದ ಆ ಕಾಲ್ಪನಿಕ ಪುರುಷನ ವಿಗ್ರಹವೇ. ಇತಿಹಾಸವು ಯಾರನ್ನು ನೆನೆಯುತ್ತದೆ, ಯಾರನ್ನು ಮರೆಯುತ್ತದೆ ಎಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ನಿದರ್ಶನ ಬೇಕಿಲ್ಲ.

ನ್ಯೂಯಾರ್ಕಿನ ವಿಟ್ನಿ ಮನೆತನದ ಹಣದಿಂದ 1927ರಲ್ಲಿ ಹಡ್ಸನ್ ಬೇ ಮೈನಿಂಗ್ ಅಂಡ್ ಸ್ಮೆಲ್ಟಿಂಗ್ ಕಂಪನಿ ಹುಟ್ಟಿತು. ಮರುವರ್ಷ ರೈಲು ಬಂತು. 1930ರ ಹೊತ್ತಿಗೆ ತಾಮ್ರ ಕರಗಿಸುವ ಕುಲುಮೆ ಹೊತ್ತಿಕೊಂಡಿತು. ಊರು ನಿಂತಿರುವುದು ಅಖಂಡ ಬಂಡೆಯ ಮೇಲೆ. ಅಗೆದು ಚರಂಡಿಯ ಕೊಳವೆ ಹೂಳುವುದು ಸಾಧ್ಯವಾಗದೆ ಅವುಗಳನ್ನು ಮರದ ಪೆಟ್ಟಿಗೆಗಳಲ್ಲಿ ಮುಚ್ಚಿ ನೆಲದ ಮೇಲೆಯೇ ಹಾಯಿಸಿದರು. ಆ ಪೆಟ್ಟಿಗೆಗಳೇ ಕಾಲುದಾರಿಗಳಾದುವು. ಮಣ್ಣೇ ಇಲ್ಲದ ಊರಿನಲ್ಲಿ ‘ಮಣ್ಣಿನ ಮಗ’ ಯಾರೆಂದು ಕೇಳುವುದಾದರೂ ಹೇಗೆ? ಬಂದವರೆಲ್ಲ ಕೆಲಸಕ್ಕಾಗಿ ಬಂದವರು. ನಮ್ಮ ಭಿಲಾಯಿ, ರೂರ್ಕೆಲಾಗಳಂತೆ ಅದೂ ವಲಸಿಗರ ಊರು.

ಇಂಥ ಊರಿನಲ್ಲಿ ಜನರನ್ನು ಹಿಡಿದು ನಿಲ್ಲಿಸುವುದು ಹೇಗೆ? ಕಂಪನಿಗೆ ಸಿಕ್ಕ ಉತ್ತರ ಹಾಕಿ. ಬಾಂಬರ್ಸ್ ಎಂಬ ಹೆಸರಿನ ತಂಡ ತನ್ನ ಹುಟ್ಟನ್ನು 1927ಕ್ಕೇ ಒಯ್ಯುತ್ತದೆ. ಅಂದರೆ ಕಂಪನಿಯೂ ತಂಡವೂ ಒಂದೇ ವಯಸ್ಸಿನವು. ಮೊದಲು ದೊಡ್ಡವರ ತಂಡವಿತ್ತು. ಮುಂದೆ ಹದಿನಾರರಿಂದ ಇಪ್ಪತ್ತರ ಆಸುಪಾಸಿನ ಹುಡುಗರ ಜೂನಿಯರ್ ತಂಡವೇ ಊರಿನ ಮುಖ್ಯ ತಂಡವಾಯಿತು. ಮರೂನ್ ಮತ್ತು ಬಿಳಿ ಬಣ್ಣದ ಅಂಗಿ. ನಮ್ಮ ಓದುಗರಿಗೆ ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಕೆನಡಾದಲ್ಲಿ ಜೂನಿಯರ್ ಹಾಕಿ ಎಂದರೆ ಶಾಲೆಯ ಆಟವಲ್ಲ. ವೃತ್ತಿಪರ ಲೀಗಿಗೆ ಏರುವ ಮುಖ್ಯ ಏಣಿ ಅದೇ. ಹುಡುಗರು ಮನೆ ಬಿಟ್ಟು ನೂರಾರು ಮೈಲಿ ದೂರದ ಊರಿಗೆ ಬರುತ್ತಾರೆ. ಅಲ್ಲಿ ಯಾವುದಾದರೊಂದು ಸಂಸಾರ ಅವರನ್ನು ತನ್ನ ಮನೆಯಲ್ಲಿಟ್ಟುಕೊಂಡು ಊಟ ಹಾಕುತ್ತದೆ. ಇಂಥ ಮನೆಗೆ ‘ಬಿಲೆಟ್’ ಎಂದು ಹೆಸರು. ಎರಡು ಮೂರು ಚಳಿಗಾಲ ಆ ಮನೆಯ ಮಗನಾಗಿದ್ದು ಹುಡುಗ ಮುಂದಕ್ಕೆ ಹೋಗುತ್ತಾನೆ. ಇನ್ನೊಬ್ಬ ಬಂದು ಅದೇ ಕೋಣೆಯಲ್ಲಿ ಪೆಟ್ಟಿಗೆ ಬಿಚ್ಚುತ್ತಾನೆ. ಒಂದು ದಿನ ಸಂಜೆ ಏಳಕ್ಕೆ ಅವನನ್ನು ಬೇರೊಂದು ತಂಡಕ್ಕೆ ವಿನಿಮಯ ಮಾಡಿ, ಮರುದಿನ ಬೆಳಿಗ್ಗೆ ಬಸ್ಸು ಹತ್ತಿಸುವುದೂ ಉಂಟು. ವರ್ಗಾವಣೆಯ ನೌಕರನಿಗೆ ಇದು ಹೊಸದೇನಲ್ಲ. ಆದರೆ ನಮಗೆ ಹದಿನೇಳು ವರ್ಷವಾಗಿರುವುದಿಲ್ಲ, ಭತ್ಯೆಯೂ ಸಿಗುತ್ತದೆ!

1957ರಲ್ಲಿ ಈ ಊರು ಕೆನಡಾದ ಜೂನಿಯರ್ ಹಾಕಿಯ ಪರಮೋಚ್ಚ ಪ್ರಶಸ್ತಿಯಾದ ಮೆಮೋರಿಯಲ್ ಕಪ್ಪನ್ನು ಗೆದ್ದಿತು. ಮೊದಲ ಮಹಾಯುದ್ಧದಲ್ಲಿ ಮಡಿದವರ ನೆನಪಿಗೆ 1919ರಿಂದ ನಡೆದುಬಂದ ಕಪ್ಪು ಅದು. ಎದುರಾಳಿ ಒಟ್ಟಾವಾ ಕೆನೇಡಿಯನ್ಸ್. ಮಾಂಟ್ರಿಯಲ್‌ನ ಶ್ರೀಮಂತ ವೃತ್ತಿಪರ ತಂಡ ತನ್ನ ನಾಳೆಯ ಆಟಗಾರರನ್ನು ಸಾಕುತ್ತಿದ್ದ ತಂಡ ಅದು. ಅದರ ಹಿಂದೆ ಸ್ಯಾಮ್ ಪೊಲಾಕ್‌ನಂಥ ಚಾಣಾಕ್ಷನಿದ್ದ. ಬಾಂಬರ್ಸ್‌ಗೆ ಬಾಬಿ ಕರ್ಕ್ ಕೋಚ್, ಟೆಡ್ ಹ್ಯಾಂಪ್ಸನ್ ನಾಯಕ. ಸರಣಿ ಏಳನೆಯ ಆಟದವರೆಗೂ ಎಳೆಯಿತು. ರಿಜೈನಾ ನಗರದಲ್ಲಿ ನಡೆದ ಆ ಕೊನೆಯ ಆಟವನ್ನು ಗಣಿ ಊರಿನ ಹುಡುಗರು 3-2ರಿಂದ ಗೆದ್ದರು. ಪ್ರಾಂತದ ಭೂಪಟದ ಅಂಚಿನಲ್ಲಿದ್ದ ಊರಿಗೆ ಇದ್ದಕ್ಕಿದ್ದಂತೆ ದೇಶದಲ್ಲಿ ಒಂದು ವಿಳಾಸ ದೊರೆಯಿತು. ಊರಿನ ತಾಮ್ರ ಎಲ್ಲಿಗೆ ಹೋಗುತ್ತಿತ್ತೋ ಯಾರೂ ಕೇಳುತ್ತಿರಲಿಲ್ಲ. ಊರಿನ ಹುಡುಗರು ಯಾರೆಂದು ಎಲ್ಲರೂ ಕೇಳಿದರು.

ಆದರೆ ಬಾಂಬರ್ಸ್ ಎಂಬ ಹೆಸರಿಗೆ ಭಯ ಬೆರೆತದ್ದು ಹತ್ತು ವರ್ಷಗಳ ನಂತರ. 1957ರ ಗೆಲುವಿನ ತಂಡದಲ್ಲಿ ಆಡಿದ್ದ ಪ್ಯಾಟ್ ಗಿನ್ನೆಲ್ 1960ರ ದಶಕದ ಉತ್ತರಾರ್ಧದಲ್ಲಿ ಕೋಚ್ ಆಗಿ ಮರಳಿದ. ಅವನ ಹುಡುಗರು ಆಡುವುದರಲ್ಲೂ ಗಟ್ಟಿಗರು, ಹೊಡೆಯುವುದರಲ್ಲೂ ಗಟ್ಟಿಗರು. ದಕ್ಷಿಣದ ಊರುಗಳ ಆಟಗಾರರಿಗೆ ಉತ್ತರದ ಬಸ್ಸು ಹತ್ತುವ ದಿನ ಸಮೀಪಿಸಿದಂತೆ ನೆಗಡಿ, ಜ್ವರ, ಕಾಲುನೋವು ಕಾಣಿಸಿಕೊಳ್ಳುತ್ತಿತ್ತು. ಅದಕ್ಕೆ ‘ಫ್ಲಿನ್ ಫ್ಲಾನ್ ಫ್ಲೂ’ ಎಂದೇ ಹೆಸರು ಬಿತ್ತು. ಪಶ್ಚಿಮ ಕೆನಡಾದ ಲೀಗನ್ನು 1969 ಮತ್ತು 1970ರಲ್ಲಿ ತಂಡ ಗೆದ್ದಿತು. ನನಗೆ ಹೆಚ್ಚು ಮುಖ್ಯವೆನಿಸುವುದು ಇನ್ನೊಂದು ಸಂಗತಿ. ಈ ಹುಡುಗರಿಗೆ ಕಂಪನಿಯಲ್ಲಿ ಅರ್ಧ ದಿನದ ಕೆಲಸವಿರುತ್ತಿತ್ತು. ಮುಂಜಾನೆ ಗಣಿಯ ಆವರಣದಲ್ಲಿ ದುಡಿದು, ಮಧ್ಯಾಹ್ನ ರಿಂಕಿಗೆ ಬಂದು ಸ್ಕೇಟ್ ಕಟ್ಟುತ್ತಿದ್ದರು.

ಇದನ್ನು ಓದಿದಾಗ ನನಗೆ ನೆನಪಾದದ್ದು ಮುಂಬಯಿಯ ರಾತ್ರಿಶಾಲೆಗಳು. ದಕ್ಷಿಣ ಕನ್ನಡದಿಂದ ಹನ್ನೆರಡು ಹದಿಮೂರನೆಯ ವಯಸ್ಸಿಗೇ ಹಡಗು ಹತ್ತಿ ಬಂದು, ಹಗಲೆಲ್ಲ ಉಡುಪಿ ಹೋಟೆಲುಗಳಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯ ಬೆಂಚಿನ ಮೇಲೆ ನಿದ್ದೆಯೊಡನೆ ಗುದ್ದಾಡುತ್ತಾ ಅಕ್ಷರ ಕಲಿತ ಒಂದು ತಲೆಮಾರು ನಮ್ಮಲ್ಲಿತ್ತು. ಅವರಲ್ಲಿ ಎಷ್ಟೋ ಮಂದಿ ಮುಂದೆ ವಕೀಲರಾದರು, ಲೇಖಕರಾದರು, ಹೋಟೆಲು ಕಟ್ಟಿದರು. ಸಂಘಗಳ ಕಟ್ಟಡಗಳಿಗೆ ಇಟ್ಟಿಗೆ ಕೊಟ್ಟವರಲ್ಲಿ ಅವರೂ ಇದ್ದರು. ಆ ಶಾಲೆಗಳನ್ನು ನಡೆಸಿದವರು ಹುಡುಗರ ಜಾತಿ ಯಾವುದು, ತಾಲೂಕು ಯಾವುದು, ಮನೆಮಾತು ತುಳುವೋ ಕೊಂಕಣಿಯೋ ಎಂದು ನೋಡಿ ಬಾಗಿಲು ತೆರೆದವರಲ್ಲ. ದೂರದಿಂದ ಬಂದ ಹುಡುಗನಿಗೆ ದುಡಿಮೆಯ ಜೊತೆಗೆ ಇನ್ನೊಂದು ಬದುಕೂ ಬೇಕು ಎಂಬ ಸಾಮಾನ್ಯ ವಿವೇಕ ಅದರ ಹಿಂದಿತ್ತು. ಫ್ಲಿನ್ ಫ್ಲಾನಿನ ರಿಂಕನ್ನೂ ಮುಂಬಯಿಯ ರಾತ್ರಿಶಾಲೆಯನ್ನೂ ನಾನು ಒಂದೇ ಸಾಲಿನಲ್ಲಿ ಇಡುವುದಕ್ಕೆ ಕಾರಣ ಇದು.

ಗಿನ್ನೆಲ್‌ನ ಹುಡುಗರಲ್ಲಿ ಇಬ್ಬರ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಬಾಬಿ ಕ್ಲಾರ್ಕ್ 1949ರಲ್ಲಿ ಅದೇ ಊರಿನಲ್ಲಿ ಹುಟ್ಟಿದವನು, ಗಣಿ ಕಾರ್ಮಿಕನ ಮಗ, ತಾನೂ ಗಣಿ ಕಂಪನಿಯಲ್ಲಿ ದುಡಿದವನು. ಹದಿಹರೆಯದಲ್ಲೇ ಸಕ್ಕರೆ ಕಾಯಿಲೆ ಹಿಡಿಯಿತು. 1967-68ರ ಋತುವಿನ 59 ಆಟಗಳಲ್ಲಿ 51 ಗೋಲು ಹೊಡೆದು, 117 ಗೋಲುಗಳಿಗೆ ನೆರವಾದ. ಆದರೂ ಇನ್ಸುಲಿನ್ ಚುಚ್ಚಿಕೊಳ್ಳುವ ಹುಡುಗ ವೃತ್ತಿಪರ ಆಟದ ದಣಿವನ್ನು ತಾಳಲಾರನೆಂದು ತಂಡಗಳು ಹಿಂಜರಿದುವು. ಗಿನ್ನೆಲ್ ಅವನನ್ನು ಅಮೆರಿಕದ ಮೇಯೋ ಕ್ಲಿನಿಕ್ಕಿಗೆ ಕರೆದೊಯ್ದು, ಎಚ್ಚರದಿಂದಿದ್ದರೆ ಆಡಬಹುದೆಂಬ ವೈದ್ಯರ ಮಾತನ್ನು ಬರಹದಲ್ಲಿ ತಂದ. 1969ರ ಆಯ್ಕೆಯಲ್ಲಿ ಹದಿನಾರು ಹೆಸರುಗಳಾದ ಮೇಲೆ, ಹದಿನೇಳನೆಯವನಾಗಿ ಫಿಲಡೆಲ್ಫಿಯಾ ಫ್ಲೈಯರ್ಸ್ ಅವನನ್ನು ತೆಗೆದುಕೊಂಡಿತು. ಅದೇ ತಂಡಕ್ಕೆ ನಾಯಕನಾಗಿ ಅವನು 1974 ಮತ್ತು 1975ರಲ್ಲಿ ಸ್ಟ್ಯಾನ್ಲಿ ಕಪ್ ಗೆಲ್ಲಿಸಿದ. ಮೂರು ಬಾರಿ ಲೀಗಿನ ಅತ್ಯುತ್ತಮ ಆಟಗಾರನೆನಿಸಿದ. 1972ರಲ್ಲಿ ಸೋವಿಯತ್ ತಂಡದೊಡನೆ ನಡೆದ ಪ್ರಖ್ಯಾತ ಸರಣಿಯಲ್ಲಿ ಎದುರಾಳಿಯ ಶ್ರೇಷ್ಠ ಆಟಗಾರ ವಲೇರಿ ಖರ್ಲಾಮೊವ್‌ನ ಕಾಲಿಗೆ ಬೇಕೆಂದೇ ಕೋಲಿನಿಂದ ಬೀಸಿ ಹೊಡೆದವನೂ ಇವನೇ. ಎರಡು ಕೈಯಿಂದ ಕೋಲು ಬೀಸುವುದನ್ನು ಕಲಿಯದಿದ್ದರೆ ತಾನು ಫ್ಲಿನ್ ಫ್ಲಾನ್ ಬಿಟ್ಟು ಹೊರಬರುತ್ತಲೇ ಇರಲಿಲ್ಲ ಎಂಬರ್ಥದ ಮಾತನ್ನು ಅವನು ಮುಂದೆ ಆಡಿದ್ದುಂಟು. ಅವನನ್ನು ಆರಾಧಿಸುವವರು ಈ ಮಾತನ್ನು ನಗೆಯಾಡಿ ತೇಲಿಸುತ್ತಾರೆ. ನನಗೆ ಅದು ನಗೆಯೆನಿಸುವುದಿಲ್ಲ. ಹೊರಬೀಳುವ ಬಾಗಿಲು ಒಂದೇ ಒಂದಿದ್ದರೆ, ಅದರಲ್ಲಿ ತೂರಿ ಹೋಗುವವನ ಕೈ ಸಭ್ಯವಾಗಿರುವುದು ಕಷ್ಟ.

ಇನ್ನೊಬ್ಬ ರೆಜಿ ಲೀಚ್. ವಿನಿಪೆಗ್ ಸರೋವರದ ದಡದ ರಿವರ್ಟನ್‌ನವನು, ಒಜಿಬ್ವೆ ಎಂಬ ಮೂಲನಿವಾಸಿ ಜನಾಂಗದವನು, ಅಜ್ಜ ಅಜ್ಜಿಯರ ಬಳಿ ಕಡುಬಡತನದಲ್ಲಿ ಬೆಳೆದವನು. ಅವನು ಮೊದಲು ಕಟ್ಟಿದ ಸ್ಕೇಟುಗಳು ಎರವಲಿನವು. ಹದಿಹರೆಯದಲ್ಲೇ ಫ್ಲಿನ್ ಫ್ಲಾನಿಗೆ ಬಂದ. ಕ್ಲಾರ್ಕ್‌ನ ಜೊತೆ ಆಡುತ್ತಾ 1967-68ರ ಋತುವಿನಲ್ಲಿ 59 ಆಟಗಳಿಂದ 87 ಗೋಲು ಹೊಡೆದ. ಮುಂದೆ ಫಿಲಡೆಲ್ಫಿಯಾದಲ್ಲಿ ಗೆಳೆಯರಿಬ್ಬರೂ ಮತ್ತೆ ಒಂದಾದರು. 1975-76ರಲ್ಲಿ ಲೀಚ್ 61 ಗೋಲು, ಅಂತಿಮ ಸುತ್ತುಗಳಲ್ಲಿ ಇನ್ನೂ 19 ಗೋಲು ಹೊಡೆದು, ತಂಡ ಸೋತರೂ ಆ ಸುತ್ತುಗಳ ಶ್ರೇಷ್ಠ ಆಟಗಾರನೆಂದು ಗೌರವ ಪಡೆದ. ಕುಡಿತ ಅವನನ್ನು ಬಹುಕಾಲ ಹಿಡಿದಿತ್ತು. ಅದನ್ನು ಅವನು ಮುಚ್ಚಿಟ್ಟವನಲ್ಲ. ಬಿಟ್ಟ ಮೇಲೆ ಮೂಲನಿವಾಸಿ ಹುಡುಗರ ನಡುವೆ ಓಡಾಡಿ ಆ ಮಾತನ್ನೇ ಹೇಳುತ್ತಾ ಬಂದ.

ಇಲ್ಲಿ ನಿಂತು ಯೋಚಿಸಬೇಕು. ಆ ಪ್ರಾಂತದಲ್ಲಿ ಯಾರಾದರೂ ‘ಮಣ್ಣಿನ ಮಗ’ ಎನಿಸಿಕೊಳ್ಳಬಹುದಾದರೆ ಅದು ಲೀಚ್‌ನಂಥವನು. ಆದರೂ ಅವನು ಊರಿನ ಹುಡುಗನಾದದ್ದು ಗೋಲಿನ ಬಲದಿಂದ. 87 ಗೋಲು ಹೊಡೆಯದ ಒಜಿಬ್ವೆ ಅಥವಾ ಕ್ರೀ ಹುಡುಗನೊಬ್ಬ ಅದೇ ಬೀದಿಯಲ್ಲಿ ನಡೆದು ಹೋಗಿದ್ದರೆ ಎಷ್ಟು ಮನೆಗಳ ಬಾಗಿಲು ತೆರೆಯುತ್ತಿತ್ತು? ಈ ಪ್ರಶ್ನೆಯನ್ನು ನಾನು ಆ ಊರಿನವರಿಗೆ ಹಾಕುವುದಕ್ಕೆ ಮುಂಚೆ ನಮ್ಮ ಅನುಭವವನ್ನು ನೆನೆಯುತ್ತೇನೆ. ಉಪಯೋಗಕ್ಕೆ ಬರುವ ತನಕ ವಲಸಿಗ ನಮ್ಮವನು. 1960ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ದಕ್ಷಿಣ ಭಾರತೀಯರ ವಿರುದ್ಧ ಕೂಗೆದ್ದಾಗ, ನಿನ್ನೆಯವರೆಗೆ ಇಡ್ಲಿ ತಿಂದು ಹೋದವರೇ ಉಡುಪಿ ಹೋಟೆಲಿನ ಗಾಜಿಗೆ ಕಲ್ಲು ಹೊಡೆದರು. ಹಾಗೆಂದು ಹೋಟೆಲು ಮುಚ್ಚಲಿಲ್ಲ. ಇಡ್ಲಿ ಬೇಯಿಸುವುದು ನಿಲ್ಲಲಿಲ್ಲ. ನಿಲ್ಲದೆ ಹೋದದ್ದಕ್ಕೇ ನಾವು ಇಂದು ಅಲ್ಲಿ ಇದ್ದೇವೆ.

1978ರಲ್ಲಿ ಬಾಂಬರ್ಸ್‌ಗೆ ದೊಡ್ಡ ಪೆಟ್ಟು ಬಿತ್ತು. ದೊಡ್ಡ ಲೀಗಿನ ಖರ್ಚನ್ನೂ ಪ್ರಯಾಣವನ್ನೂ ಸಣ್ಣ ಊರು ತಾಳಲಾರದೆ, ಆ ಲೀಗಿನಲ್ಲಿ ಆಡುವ ಹಕ್ಕು ಎಡ್ಮಂಟನ್ ನಗರಕ್ಕೆ ಹೋಯಿತು. ಹಕ್ಕೆಂದರೆ ಏನು? ಒಂದು ಕಾಗದ. ಆ ಕಾಗದ ಎಡ್ಮಂಟನ್ನಿನಲ್ಲಿ ಒಂದು ಋತು ಆಡಿತು. ಮರುವರ್ಷ ಗಡಿ ದಾಟಿ ಅಮೆರಿಕದ ಗ್ರೇಟ್ ಫಾಲ್ಸ್‌ಗೆ ಹೋಯಿತು. ಅಲ್ಲಿ ಋತು ಅರ್ಧ ಮುಗಿಯುವ ಮೊದಲೇ ಉಸಿರು ಬಿಟ್ಟಿತು. ಹಿಂದೆ ಉಳಿದ ಊರು ಮಾತ್ರ ಹೆಸರನ್ನು ಬಿಡಲಿಲ್ಲ. ಅದೇ ಮರೂನ್ ಅಂಗಿ ತೊಟ್ಟ ಹುಡುಗರನ್ನು ಒಂದು ಮೆಟ್ಟಿಲು ಕೆಳಗಿನ ಉತ್ತರದ ಸಣ್ಣ ಲೀಗಿನಲ್ಲಿ ಇಳಿಸಿತು. 1984ರಿಂದ ಪಕ್ಕದ ಪ್ರಾಂತದ ಸಸ್ಕ್ಯಾಚೆವಾನ್ ಜೂನಿಯರ್ ಲೀಗಿನಲ್ಲಿ ಆಡಿಸಿತು. ಇಂದಿಗೂ ತಂಡ ಅದರಲ್ಲೇ ಇದೆ. ಒಡೆತನ ಯಾವ ಧಣಿಯದೂ ಅಲ್ಲ, ಊರವರದು. ಲಾಭಕ್ಕಾಗಿ ನಡೆಯುವ ಸಂಸ್ಥೆಯಲ್ಲ. ವಿಟ್ನಿ ಫೋರಂ ಎಂಬ ಹಳೆಯ ರಿಂಕಿನಲ್ಲಿ ಅಂತಿಮ ಸುತ್ತಿನ ಆಟವಿದ್ದಾಗ ಗೆಲುವಿನ ಸಂಭ್ರಮಕ್ಕೆ ಮೂಸ್ ಎಂಬ ಕಾಡುಪ್ರಾಣಿಯ ಹೆಪ್ಪುಗಟ್ಟಿದ ತೊಡೆಯನ್ನು ಹಿಮದ ಮೇಲೆ ಎಸೆಯುವ ರೂಢಿಯಿದೆ. ನಮ್ಮ ಸಸ್ಯಾಹಾರಿ ಸದಸ್ಯರು ಮೂಗು ಮುರಿಯಬಹುದು. ಆದರೆ ಕಾಗದವನ್ನು ಮಾರಬಹುದು, ಮೂಸಿನ ತೊಡೆಯನ್ನು ಎಡ್ಮಂಟನ್ನಿಗೆ ವರ್ಗಾಯಿಸಲಾಗುವುದಿಲ್ಲ.

ಸಂಸ್ಥೆಗಳ ವಿಷಯದಲ್ಲಿ ನನ್ನ ಖಚಿತ ಅಭಿಪ್ರಾಯವೊಂದಿದೆ, ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಒಬ್ಬನೇ ಪೋಷಕನ ಹಣದಿಂದ ಏರಿದ ಸಂಸ್ಥೆ ಆ ಪೋಷಕನೊಡನೆ ಇಳಿಯುತ್ತದೆ. ನೂರು ಮನೆಗಳ ಅನ್ನದಿಂದ ನಡೆಯುವ ಸಂಸ್ಥೆ ಕೆಳಗಿನ ಮೆಟ್ಟಿಲಿಗೆ ಇಳಿದರೂ ನಡೆಯುತ್ತದೆ. ನಮ್ಮ ಸಂಘಗಳಲ್ಲಿ ಈಚೆಗೆ ಪ್ರಾಯೋಜಕನ ಫಲಕ ವೇದಿಕೆಗಿಂತ ದೊಡ್ಡದಾಗಿದೆ. ಸದಸ್ಯತ್ವದ ಚಂದಾ ಎಷ್ಟೆಂದು ಕೇಳಿದರೆ ಕಾರ್ಯದರ್ಶಿಗೇ ಚೀಟಿ ನೋಡಬೇಕಾಗುತ್ತದೆ. ಇದು ಏಳಿಗೆಯೆಂದು ಭಾವಿಸುವವರೊಡನೆ ನನಗೆ ಸಹಮತವಿಲ್ಲ.

ಊರಿನ ಪ್ರೀತಿಗೂ ಒಂದು ಸುಂಕವಿದೆ. ಈ ಲೀಗಿನ ಊರುಗಳ ನಡುವಿನ ದೂರ ನಮ್ಮ ಅಂದಾಜಿಗೆ ನಿಲುಕುವುದಲ್ಲ. ಚಳಿಗಾಲದ ರಾತ್ರಿಗಳಲ್ಲಿ ಹುಡುಗರು ಬಸ್ಸಿನಲ್ಲೇ ಬೆಳೆಯುತ್ತಾರೆ. 2018ರ ಏಪ್ರಿಲ್ 6ರಂದು ಇದೇ ಲೀಗಿನ ಹಂಬೋಲ್ಟ್ ಬ್ರಾಂಕೋಸ್ ತಂಡದ ಬಸ್ಸು ನಿಪಾವಿನ್ ಎಂಬಲ್ಲಿಗೆ ಪಂದ್ಯಕ್ಕೆ ಹೋಗುತ್ತಿದ್ದಾಗ, ಅಡ್ಡರಸ್ತೆಯ ನಿಲುಗಡೆ ಫಲಕವನ್ನು ಗಮನಿಸದೆ ನುಗ್ಗಿದ ಲಾರಿಯೊಂದಕ್ಕೆ ಅಪ್ಪಳಿಸಿತು. ಬಸ್ಸಿನಲ್ಲಿದ್ದ 29 ಜನರಲ್ಲಿ 16 ಜನ ಸತ್ತರು. ಹಂಬೋಲ್ಟ್ ಕೂಡ ಸುಮಾರು 6000 ಜನರ ಊರು. ಆ ವಾರ ಕೆನಡಾದ ಉದ್ದಗಲಕ್ಕೂ ಜನ ತಮ್ಮ ಮನೆಯ ಜಗಲಿಯ ಮೇಲೆ ಹಾಕಿ ಕೋಲೊಂದನ್ನು ನಿಲ್ಲಿಸಿ, ದೀಪ ಹಚ್ಚಿಟ್ಟರು. ದೂರದ ಊರಿನ ಹುಡುಗರು ಇಡೀ ದೇಶದ ಹುಡುಗರಾದರು.

ಆ ಲಾರಿಯನ್ನು ಓಡಿಸುತ್ತಿದ್ದವನು ಭಾರತದಿಂದ ಹೋಗಿದ್ದ ತರುಣ. ಕೆಲಸಕ್ಕೆ ಸೇರಿ ಕೆಲವೇ ವಾರಗಳಾಗಿದ್ದುವು. ಸಿಕ್ಕಿದ್ದ ತರಬೇತಿ ಅತ್ಯಲ್ಪ. ಭಾರಿ ವಾಹನದ ಚಾಲಕರಿಗೆ ಇಂತಿಷ್ಟು ಗಂಟೆಗಳ ತರಬೇತಿ ಕಡ್ಡಾಯವೆಂಬ ನಿಯಮವನ್ನು ಆ ಪ್ರಾಂತ ಮಾಡಿದ್ದು ಅಪಘಾತದ ಮರುವರ್ಷ. ಅವನು ವಾದ ಹೂಡದೆ ಎಲ್ಲ ಆರೋಪಗಳನ್ನೂ ಒಪ್ಪಿಕೊಂಡ. 2019ರಲ್ಲಿ ಎಂಟು ವರ್ಷ ಶಿಕ್ಷೆಯಾಯಿತು. 2024ರಲ್ಲಿ ಗಡಿಪಾರಿನ ಆದೇಶವೂ ಆಯಿತು. ಸತ್ತ ಹುಡುಗರ ತಂದೆ ತಾಯಿಗಳಲ್ಲಿ ಕೆಲವರು ಅವನನ್ನು ಕ್ಷಮಿಸಿದರು, ಕೆಲವರು ಕ್ಷಮಿಸಲಾರೆವೆಂದರು. ಮಕ್ಕಳನ್ನು ಕಳೆದುಕೊಂಡವರ ಈ ಎರಡು ಮಾತುಗಳ ನಡುವೆ ನ್ಯಾಯ ಹೇಳುವ ಅರ್ಹತೆ ನನಗಿಲ್ಲ, ಅಪರಾಧ ಅಪರಾಧವೇ. ಆದರೆ ಆ ರಸ್ತೆಯಲ್ಲಿ ಎದುರುಬದುರಾದುವಲ್ಲ, ಆ ಎರಡು ವಾಹನಗಳಲ್ಲೂ ಇದ್ದವರು ಮನೆ ಬಿಟ್ಟು ಬಂದ ಹುಡುಗರೇ ಎಂಬುದನ್ನು ಮರೆಯಲು ನನ್ನಿಂದಾಗದು. ಒಂದು ವಾಹನದ ಹುಡುಗರಿಗೆ ಊರೊಂದು ಮನೆ, ಊಟ, ಅಂಗಿ, ಹೆಸರು ಎಲ್ಲವನ್ನೂ ಕೊಟ್ಟಿತ್ತು. ಇನ್ನೊಂದು ವಾಹನದವನಿಗೆ ಕೀಲಿಕೈ ಕೊಟ್ಟಿತ್ತು. ಅಷ್ಟೇ ಕೊಟ್ಟು ರಸ್ತೆಗಿಳಿಸುವ ವ್ಯವಸ್ಥೆಯ ಹೊಣೆಯನ್ನು ಯಾರೂ ಎಂಟು ವರ್ಷ ಅನುಭವಿಸಲಿಲ್ಲ.

ಫ್ಲಿನ್ ಫ್ಲಾನಿಗೆ ಮರಳೋಣ. 2010ರಲ್ಲಿ ಕುಲುಮೆ ಆರಿತು. 1974ರಲ್ಲಿ ಕಟ್ಟಿದ, 251 ಮೀಟರ್ ಎತ್ತರದ ಹೊಗೆಗೊಳವೆ ಹೊಗೆಯಿಲ್ಲದೆ ನಿಂತಿತು. 2022ರ ಜೂನ್‌ನಲ್ಲಿ ಊರಿನ ಕೊನೆಯ ಗಣಿಯಾದ 777 ಕೂಡ ಮುಚ್ಚಿತು. ಅಂಥ ಊರುಗಳ ಗತಿ ಏನಾಗುತ್ತದೆಂದು ನಮಗೆ ಯಾರೂ ಹೇಳಬೇಕಾಗಿಲ್ಲ. 2001ರ ಫೆಬ್ರವರಿ ಕೊನೆಯಲ್ಲಿ ಕೋಲಾರದ ಚಿನ್ನದ ಗಣಿಗಳು ಮುಚ್ಚಿದಾಗ, ತಲೆಮಾರುಗಳ ಹಿಂದೆ ತಮಿಳುನಾಡಿನಿಂದಲೂ ಆಂಧ್ರದಿಂದಲೂ ಬಂದು ಕರ್ನಾಟಕದ ನೆಲದ ಆಳದಲ್ಲಿ ದುಡಿದ ಸಂಸಾರಗಳು ಏನಾದುವು? ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗಿ ರಾತ್ರಿ ಮರಳುವುದು ಅವರ ದಿನಚರಿಯಾಯಿತು. ಅವರನ್ನು ಒಳನಾಡಿನ ನಾವು ಎಷ್ಟು ದಿನ ‘ನಮ್ಮವರು’ ಎಂದೆವು? ಹೊರನಾಡಿನಲ್ಲಿ ನ್ಯಾಯ ಕೇಳುವ ಕನ್ನಡಿಗ ಈ ಪ್ರಶ್ನೆಯನ್ನೂ ಜೇಬಿನಲ್ಲಿಟ್ಟುಕೊಂಡೇ ಕೇಳಬೇಕು.

ಗಣಿ ಮುಚ್ಚಿದ ವರ್ಷ, 2022ರಲ್ಲಿ, ಬಾಂಬರ್ಸ್ ಲೀಗಿನ ಅಂತಿಮ ಸರಣಿಗೆ ಏರಿ ಸೋತಿತು. 2023ರಲ್ಲಿ ಮತ್ತೆ ಏರಿತು, ಸೋತಿತು. 2024ರಲ್ಲಿ ಮತ್ತೂ ಏರಿ ಮತ್ತೂ ಸೋತಿತು. ಮೂರು ವರ್ಷ ಸತತವಾಗಿ ಎರಡನೆಯವರಾಗುವುದು ಲೆಕ್ಕಪುಸ್ತಕದಲ್ಲಿ ಏನೂ ಅಲ್ಲ. ಆದರೆ ತೊಂಬತ್ತೈದು ವರ್ಷ ಅನ್ನ ಕೊಟ್ಟ ಕಂಪನಿ ಊರಿನ ಗಣಿಗೆ ಮುಚ್ಚಳ ಹಾಕಿದ ಮೇಲೆಯೂ, ಇಪ್ಪತ್ತಕ್ಕೂ ಹೆಚ್ಚು ಪರವೂರ ಹುಡುಗರಿಗೆ ಮಲಗಲು ಕೋಣೆ, ಬೆಳಗಿನ ತಿಂಡಿ ಒದಗಿಸುವ ಮನೆಗಳು ಆ ಊರಿನಲ್ಲಿ ಇದ್ದುವು ಎಂಬುದು ನನಗೆ 1957ರ ಕಪ್ಪಿಗಿಂತ ದೊಡ್ಡದಾಗಿ ಕಾಣುತ್ತದೆ.

ನಮ್ಮ ಮನೆಗಳಲ್ಲಿ ಅಂಥ ಕೋಣೆ ಎಷ್ಟಿವೆ? ನಾನು ಮೊದಲ ಬಾರಿಗೆ ಹೊರನಾಡಿಗೆ ಕೆಲಸಕ್ಕೆ ಬಂದಾಗ, ಯಾರೋ ಬರೆದುಕೊಟ್ಟ ಒಂದು ಚೀಟಿಯ ಬಲದ ಮೇಲೆ ಅಪರಿಚಿತ ಕನ್ನಡ ಸಂಸಾರವೊಂದು ನನ್ನನ್ನು ಎರಡು ತಿಂಗಳು ತಮ್ಮ ಒಂದೂವರೆ ಕೋಣೆಯ ಕ್ವಾರ್ಟರ್ಸಿನಲ್ಲಿ ಇಟ್ಟುಕೊಂಡಿತ್ತು. ಆ ತಾಯಿ ಬಾಡಿಗೆಯ ಮಾತೆತ್ತಿದರೆ ರೇಗುತ್ತಿದ್ದರು. ಇಂದು ರಾಯಚೂರಿನಿಂದಲೋ ಕಲಬುರಗಿಯಿಂದಲೋ ಪರೀಕ್ಷೆ ಬರೆಯಲು, ಕಟ್ಟಡದ ಕೆಲಸ ಮಾಡಲು, ಮನೆಮನೆಗೆ ಸಾಮಾನು ಹಂಚಲು ಬರುವ ಹುಡುಗನಿಗೆ ನಮ್ಮ ಸಂಘದ ವಿಳಾಸವೇ ಗೊತ್ತಿರುವುದಿಲ್ಲ. ಗೊತ್ತಿದ್ದು ಬಂದರೂ ಕಾವಲುಗಾರ ಗುರುತಿನ ಚೀಟಿ ಕೇಳುತ್ತಾನೆ. ರಾಜ್ಯೋತ್ಸವದ ದಿನ ಅವನು ಬಂದು ಹಿಂದಿನ ಸಾಲಿನಲ್ಲಿ ನಿಂತು ಊಟ ಮಾಡಿ ಹೋದರೆ, ‘ಎಷ್ಟು ಜನ ಸೇರಿದ್ದರು’ ಎಂಬ ನಮ್ಮ ವರದಿಯಲ್ಲಿ ಒಂದು ಅಂಕಿಯಾಗುತ್ತಾನೆ.

ಕಳೆದ ಚಳಿಗಾಲದಲ್ಲಿ ನಾನು ನಮ್ಮ ಕಾರ್ಯಕಾರಿ ಸಮಿತಿಗೆ ಒಂದು ಟಿಪ್ಪಣಿ ಕೊಟ್ಟೆ. ಸಂಘದ ಮೇಲಿನ ಮಹಡಿಯಲ್ಲಿ ಹಳೆಯ ನಾಟಕದ ಪರದೆಗಳನ್ನೂ ಮುರಿದ ಕುರ್ಚಿಗಳನ್ನೂ ತುಂಬಿಟ್ಟ ಕೋಣೆಯನ್ನು ಖಾಲಿ ಮಾಡಿ ನಾಲ್ಕು ಮಂಚ ಹಾಕಬೇಕು. ಊರಿಂದ ಹೊಸದಾಗಿ ಬಂದ ಹುಡುಗರಿಗೆ ಮೂರು ತಿಂಗಳವರೆಗೆ ಕೊಡಬೇಕು. ಸರದಿಯ ಮೇಲೆ ಸದಸ್ಯರ ಮನೆಗಳಿಂದ ಊಟ ಹೋಗಬೇಕು ಎಂದಿದ್ದೆ. ಸಮಿತಿ ಗಂಭೀರವಾಗಿ ಚರ್ಚಿಸಿತು. ಹುಡುಗರ ಹೊಣೆ ಯಾರದು, ವಿದ್ಯುತ್ತಿನ ಬಿಲ್ಲು ಯಾರದು, ಯಾವ ಜಿಲ್ಲೆಯವರಿಗೆ ಎಷ್ಟು ಮಂಚ, ಒಂದು ವೇಳೆ ಅವರು ಖಾಲಿ ಮಾಡದಿದ್ದರೆ ಏನು ಗತಿ ಎಂಬ ನಾಲ್ಕು ಆಕ್ಷೇಪಗಳು ಬಂದುವು. ನಾಲ್ಕಕ್ಕೂ ಲಿಖಿತವಾಗಿ ಉತ್ತರಿಸಿದ್ದೇನೆ; ಕಡತದ ಭಾಷೆ ನನಗೆ ಚೆನ್ನಾಗಿ ಬರುತ್ತದೆ. ಹೊಸ್ತಿಲು ದಾಟಿ ಬರುವ ಮೊದಲ ಹುಡುಗನಿಗೆ ಊಟ ನಮ್ಮ ಮನೆಯಿಂದ ಎಂದು ನನ್ನ ಹೆಂಡತಿ ಹೇಳಿ ಆಗಿದೆ. ಪರದೆಗಳು ಇನ್ನೂ ಅಲ್ಲಿಯೇ ಇವೆ.